ಹೆಣ್ಣು ನೋಡಲು ಬಂದ ದಿನದ ದೋಸೆ

ಸೋಮವಾರಪೇಟೆ ದಾರಿಯ ನಮ್ಮ ಮನೆ,
೧೮ ಡಿಸೆಂಬರ್ ೨೦೨೪, ಬುಧವಾರ

ಪ್ರೀತಿಯ ಮಗಳೇ ಕವನಾ,

ಹೇಗಿದ್ದೀಯ? ಕುಟ್ಟದಲ್ಲಿ ನಮ್ಮಷ್ಟು ಚಳಿಯಿಲ್ಲ ಎಂದು ಕೇಳಿದ್ದೇನೆ, ಆದರೂ ಬೆಳಿಗ್ಗೆ ಬಸ್ಸಿಗೆ ಓಡುವಾಗ ಕಿವಿಗೆ ಬಟ್ಟೆ ಕಟ್ಟಿಕೊ. ಚಿಕ್ಕವಳಿದ್ದಾಗ ನಿನಗೆ ಕಿವಿನೋವು ಬಂದರೆ ಮನೆಮಂದಿಯೆಲ್ಲ ಎದ್ದು ಕೂರಬೇಕಿತ್ತು. ನಮ್ಮ ಅಳಿಯ ಮಿಲನ್ ಚೆನ್ನಾಗಿದ್ದಾನೆಯೆ? ನಿನ್ನ ಮಾವನವರ ಮಂಡಿನೋವು ಹೇಗಿದೆ, ಅತ್ತೆಯವರ ಕೆಮ್ಮು ಇಳಿಯಿತೆ? ಇಲ್ಲಿ ನಿನ್ನ ಅಪ್ಪನ ಬಿಪಿ ಹಿಡಿತದಲ್ಲಿದೆ, ಕಾಫಿ ಕುಯ್ಲು ಶುರುವಾದ ಮೇಲೆ ಬಾಯಿ ಮಾತ್ರ ಹಿಡಿತದಲ್ಲಿಲ್ಲ. ನಿನ್ನ ಅಮ್ಮ ಆರೋಗ್ಯವಾಗಿದ್ದಾಳೆ. ನನ್ನ ವಿಷಯ ಕೇಳಬೇಕೆ, ಐವತ್ತೊಂಬತ್ತಾದರೂ ಏಣಿಯಿಲ್ಲದೆ ಹಲಸಿನ ಮರ ಹತ್ತುವ ಗಂಡು ಈ ಊರಲ್ಲಿ ಇನ್ನೊಬ್ಬನಿಲ್ಲ. ಇಳಿಯುವಾಗ ಯಾರಾದರೂ ಕೆಳಗೆ ನಿಂತಿದ್ದರೆ ಒಳ್ಳೆಯದು, ಅಷ್ಟೆ.

ಫೋನು ಇರುವಾಗ ಚಿಕ್ಕಪ್ಪ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ನಿಮ್ಮ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾರೆ. ಕಳೆದ ಸಲ ನಿನ್ನ ಮಾವ ಗೊರಕೆ ಹೊಡೆಯುತ್ತಾರಾ ಎಂದು ನಾನು ಕೇಳಿದ್ದಕ್ಕೆ ಅವರೇ ಇಲ್ಲ ಎಂದು ಉತ್ತರ ಕೊಟ್ಟರು. ಮೆಸೇಜು ಮಾಡೋಣವೆಂದರೆ ನನ್ನ ಬೆರಳು ಒಂದು ಕಡೆ ಒತ್ತಿದರೆ ಮೂರು ಅಕ್ಷರ ಬೀಳುತ್ತವೆ. ಹಾಗಾಗಿ ಏಳನೇ ಕ್ಲಾಸಿನವರೆಗೆ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದು ಎಲ್ಲರಿಗೂ ತೋರಿಸುತ್ತಿದ್ದ ನನ್ನ ಈ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಕಾಫಿ ಲಾರಿಯ ಡ್ರೈವರ್ ಚಿಕ್ಕ ನಾಳೆ ಕುಟ್ಟಕ್ಕೆ ಬರುತ್ತಾನೆ. ಮನೆಗೆ ಹೋಗದೆ ನೀನು ಕೆಲಸ ಮಾಡುವ ಸೊಸೈಟಿಗೇ ತಂದು ನಿನ್ನ ಕೈಗೆ ಕೊಡಲು ಹೇಳಿದ್ದೇನೆ.

ನೀನು ಕಳಿಸಿದ ಮೆಸೇಜನ್ನು ಎಷ್ಟು ಸಲ ಓದಿದೆನೋ. ಬರುವ ಭಾನುವಾರ ಮಾವನ ಅಕ್ಕನ ಮನೆಯವರೆಲ್ಲ ಊಟಕ್ಕೆ ಬರುತ್ತಾರೆ, ಹೆಣ್ಣು ನೋಡಲು ಬಂದ ದಿನ ನೀನು ಮಾಡಿದ ಕಾಯಿಬೆಲ್ಲ ತುಂಬಿದ ದೋಸೆಯನ್ನೇ ಮಾಡಬೇಕಂತೆ ಎಂದು ಬರೆದಿದ್ದೀಯ. ಕೊನೆಗೆ, “ಸುಳ್ಳು ಹೇಳಿದ್ದು ನೀನು ಚಿಕ್ಕಪ್ಪ, ಬಿಡಿಸೋದೂ ನೀನೇ” ಎಂದಿದ್ದೀಯ. ಒಪ್ಪಿದೆ. ಆ ದಿನ ನಿನ್ನ ಮಾವನವರು ನಾಲ್ಕನೇ ದೋಸೆ ಬಾಯಿಗಿಟ್ಟು ಇದು ಯಾರ ಕೈಯಡಿಗೆ ಎಂದು ಕೇಳಿದಾಗ ನಾನು ಜಗಲಿಯಿಂದಲೇ, ಇನ್ಯಾರದು, ನಮ್ಮ ಕವನಾಳದು, ಈ ತಾಲ್ಲೂಕಿನಲ್ಲಿ ಬೇರೆ ಯಾರಿಗೂ ಇದು ಬಾರದು ಎಂದುಬಿಟ್ಟೆ. ನೀನು ಬಾಗಿಲ ಹಿಂದಿನಿಂದ ನನ್ನನ್ನು ನುಂಗುವ ಹಾಗೆ ನೋಡಿದೆ. ನಿನಗೆ ಆಗ ಚಾ ಸೋಸಲು ಮಾತ್ರ ಬರುತ್ತಿತ್ತು, ಅದೂ ಅರ್ಧ ನೆಲಕ್ಕೆ ಚೆಲ್ಲಿ. ಆದರೆ ಮಗಳೇ, ಆ ದೋಸೆ ನನ್ನದೆಂದು ನಾನು ನಂಬಿದ್ದೆ. ನನ್ನ ಕೀರ್ತಿಯನ್ನೇ ನಿನಗೆ ಉಡುಗೊರೆ ಕೊಟ್ಟಿದ್ದೆ. ಅದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ.

ಎಸ್ಟೇಟ್ ಬಂಗಲೆಯ ಅಡಿಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಬಟ್ಲರ್ ಆಗಿದ್ದವನು ನಾನು. ನನ್ನ ಪ್ಯಾನ್‌ಕೇಕ್ ತಿಂದು ಪ್ಲಾಂಟರುಗಳು ತಟ್ಟೆ ಕೆರೆದ ಸದ್ದು ಕೆಲಸದಾಳುಗಳ ಲೈನ್‌ಮನೆಗಳವರೆಗೆ ಕೇಳುತ್ತಿತ್ತು. ಆ ದಿನ ಬೆಳಿಗ್ಗೆ ನಾನೇ ಮೈದಾ, ಹಾಲು, ಎರಡು ಮೊಟ್ಟೆ ಹಾಕಿ ಗಂಟಿಲ್ಲದಂತೆ ಹಿಟ್ಟು ಕಲಸಿ, ಬಟ್ಟೆ ಮುಚ್ಚಿ, ಅರ್ಧ ಗಂಟೆ ಹಾಗೇ ಇರಲಿ ಎಂದು ನಿನ್ನ ಅಮ್ಮನಿಗೆ ಹೇಳಿ, ನೆಂಟರ ಜೀಪಿಗೆ ದಾರಿ ತೋರಿಸಲು ರಸ್ತೆಗೆ ಹೋದೆ. ಅವರು ಎಲ್ಲೋ ತಪ್ಪು ತಿರುವಿನಲ್ಲಿ ಹೋಗಿ ಒಂದೂವರೆ ಗಂಟೆ ತಡವಾಗಿ ಬಂದರು. ನಾವು ಮನೆಗೆ ಬರುವಷ್ಟರಲ್ಲಿ ದೋಸೆ ಮಡಚಿ ಪಾತ್ರೆಯಲ್ಲಿ ಮುಚ್ಚಿಟ್ಟಾಗಿತ್ತು. ಹಿಟ್ಟು ನನ್ನದು, ಅತ್ತಿಗೆ ಹುಯ್ದಿದ್ದಾಳೆ ಎಂದುಕೊಂಡೆ. ನಾನು ಮಾತಾಡಿ ಮುಗಿಸುವಷ್ಟರಲ್ಲಿ ಪಾತ್ರೆ ಖಾಲಿ, ನನ್ನ ಬಾಯಿಗೆ ಒಂದು ಚೂರೂ ಬೀಳಲಿಲ್ಲ. ತಿಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹಾಗಾಗಿ ನೀನು ಕೇಳಿದ ತಕ್ಷಣ ನನ್ನ ಬಂಗಲೆ ಅಳತೆಯನ್ನೇ ಹೇಳಿದೆ. ನೀನು ಅದರಂತೆ ಮಾಡಿದರೆ ಮಾವನವರು ಒಂದು ತುಂಡು ಮುರಿದು, ಇದಲ್ಲ, ಅದು ಬಿಳಿ ಇತ್ತು ಎಂದರಂತೆ. ಮಾರನೇ ದಿನ ನೀನು ಬರೀ ನೀರುದೋಸೆ ಮಾಡಿದರೆ, ಬಣ್ಣ ಸರಿ, ಆದರೆ ಅದು ಬಟ್ಟೆಯ ಹಾಗೆ ಮೆತ್ತಗಿತ್ತು, ದೋಸೆಗೇ ಒಂದು ಸಿಹಿ ಇತ್ತು ಎಂದರಂತೆ. ಇದನ್ನು ಓದಿದ ಮೇಲೆ ನನ್ನ ತಲೆ ನಿಂತಲ್ಲಿ ನಿಲ್ಲುತ್ತಿಲ್ಲ. ಮೊಟ್ಟೆ ಹಾಕಿದ ಹಿಟ್ಟು ಬಿಳಿಯಾಗುವುದು ಹೇಗೆ? ಸೋಮವಾರ ನಾನೇ ಒಲೆ ಮುಂದೆ ನಿಂತೆ. ಒಂದೇ ಮೊಟ್ಟೆ ಹಾಕಿದೆ, ಹಳದಿ. ಹಳದಿ ಭಂಡಾರ ತೆಗೆದು ಬಿಳಿ ಲೋಳೆ ಮಾತ್ರ ಹಾಕಿದೆ, ಲಾರಿ ಟ್ಯೂಬಿನ ತುಂಡಿನಂತೆ ಎಳೆದರೆ ಉದ್ದವಾಯಿತು. ಹಾಲು ಜಾಸ್ತಿ ಮಾಡಿದೆ, ಕಾವಲಿ ಬಿಟ್ಟು ಏಳಲೇ ಇಲ್ಲ. ಆ ದಿನ ಮೋಡ ಇದ್ದಿರಬೇಕು, ಬೆಳಕು ಸಾಲದೆ ಬಿಳಿ ಕಂಡಿರಬೇಕು ಎಂದು ನಿನ್ನ ಅಪ್ಪ ಹೇಳಿದ. ಪಕ್ಕದ ಮನೆ ರಂಗಮ್ಮ ಬಂದು ಒಂದು ತಿಂದು ನೋಡಿ, ನಿನ್ನ ಮಾವನವರಿಗೆ ಕಣ್ಣಿನ ಪೊರೆ ಬಂದಿರಬಹುದು, ಆಪರೇಷನ್ ಮಾಡಿಸಲಿ ಎಂದಳು. ಒಂದು ಗಳಿಗೆ ನನಗೂ ಅದೇ ಸರಿ ಅನ್ನಿಸಿತು. ಎರಡನೇ ದಿನಕ್ಕೆ ನಮ್ಮ ನಾಯಿ ನಾನು ತಟ್ಟೆ ಹಿಡಿದು ಬರುವುದನ್ನು ಕಂಡರೆ ಎದ್ದು ತೋಟದ ಕಡೆ ಹೋಗತೊಡಗಿತು.

ನಿನ್ನ ಅಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. ನಿನ್ನೆ ಸಂಜೆ ಬಂದು ಗ್ಯಾಸ್ ಆರಿಸಿದಳು. “ಅಪ್ಪಯ್ಯ, ಸಾಕು ಮಾಡು. ಆ ದಿನದ್ದು ನಿನ್ನ ಹಿಟ್ಟಲ್ಲ” ಎಂದು ನನಗೆ ಹೇಳಿದಳು. ನಾನು ರಸ್ತೆಗೆ ಹೋದ ಸ್ವಲ್ಪ ಹೊತ್ತಿಗೇ ಬೆಕ್ಕು ಬಟ್ಟೆ ಎಳೆದು ಹಿಟ್ಟಿಗೆ ಬಾಯಿ ಹಾಕಿತ್ತಂತೆ. ನಮ್ಮ ಬೆಳಗಿನ ನೀರುದೋಸೆಗೆ ನೆನೆಸಿದ ಅಕ್ಕಿ ಇತ್ತು. ನೆಂಟರಿಗೆಂದು ಕೆಡವಿದ ಎಳನೀರೂ ಇತ್ತು. ಅವಳು ಎರಡು ಎಳನೀರು ಕೆತ್ತಿ, ಒಳಗಿನ ಎಳೆ ತಿರುಳನ್ನು ಅಕ್ಕಿಯ ಜೊತೆ ನುಣ್ಣಗೆ ರುಬ್ಬಿ, ಆ ನೀರಿನಲ್ಲೇ ತೆಳ್ಳಗೆ ಮಾಡಿ ಹುಯ್ದಳಂತೆ. ನೀನು ಒಳಗೆ ಸೀರೆ ಉಡುವ ಗಡಿಬಿಡಿಯಲ್ಲಿದ್ದೆ, ನಿನಗೂ ತಿಳಿಯಲಿಲ್ಲ. ಅದಕ್ಕೇ ಬಿಳಿ, ಅದಕ್ಕೇ ಮೆತ್ತಗೆ, ಅದಕ್ಕೇ ಸಿಹಿ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀನು ಅಷ್ಟು ಸಂತೋಷದಲ್ಲಿ ಕೊಚ್ಚಿಕೊಳ್ಳುತ್ತಿದ್ದೆ, ಸಂಬಂಧವೂ ಕೂಡಿಬಂತು, ಯಾಕೆ ಸುಮ್ಮನೆ” ಎಂದಳು. ಒಳಗಿನ ಹೂರಣ ಮಾತ್ರ ನನ್ನದೇ ಅಂತೆ. ಬೆಕ್ಕಿಗೆ ಬೆಲ್ಲ ಸೇರುವುದಿಲ್ಲ, ಪುಣ್ಯ.

ಮರ್ಯಾದೆ ಹೋದರೂ ದಾರಿ ಸಿಕ್ಕಿತಲ್ಲ ಎಂದು ನಾನು ಪೆನ್ನು ಹುಡುಕಿದೆ. ಅಳತೆ ಹೇಳು ಅತ್ತಿಗೆ, ಮಗಳಿಗೆ ಬರೆದು ಕಳಿಸುತ್ತೇನೆ ಎಂದೆ. ಬೇಡ ಎಂದಳು. ನನಗೆ ಅರ್ಥವಾಗಲಿಲ್ಲ. ಹೆತ್ತ ತಾಯಿ, ಮಗಳ ಮರ್ಯಾದೆ ಉಳಿಸುವ ದೋಸೆ ಕೈಯಲ್ಲಿಟ್ಟುಕೊಂಡು ಬೇಡ ಎನ್ನುತ್ತಾಳೆ. ಅವಳ ಮೆಸೇಜನ್ನು ಪೂರ್ತಿ ಓದಿದ್ದೀಯಾ ಎಂದು ನನ್ನನ್ನೇ ಕೇಳಿದಳು. ಓದದೆ ಉಂಟೆ? ನಿನ್ನ ಮಾವನವರು, ಇಂಥ ಕೈಯಿರುವ ಹುಡುಗಿ ಸೊಸೈಟಿಯಲ್ಲಿ ಕೂತು ಸೀಲು ಹೊಡೆಯುತ್ತಾಳಲ್ಲ ಎಂದು ಎರಡು ಸಲ ಅಂದರು ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ನಾನು ಸೋಮವಾರದ ಸಂತೆಯಲ್ಲಿ ಕಂಡಕಂಡವರಿಗೆಲ್ಲ ಓದಿ ತೋರಿಸಿದ್ದೆ. ನಮ್ಮ ಹುಡುಗಿಗೆ ಬೀಗರ ಮನೆಯಲ್ಲಿ ಎಷ್ಟು ಹೊಗಳಿಕೆ ನೋಡಿ ಎಂದು.

“ಅದು ಹೊಗಳಿಕೆ ಅಲ್ಲ ಅಪ್ಪಯ್ಯ,” ಎಂದಳು ನಿನ್ನ ಅಮ್ಮ. “ಭಾನುವಾರ ದೋಸೆ ಸರಿಯಾಗಿ ಬಂತು ಅಂದ್ರೆ ಸಂಕ್ರಾಂತಿ ಒಳಗೆ ಅವಳ ಕೆಲಸ ಬಿಡಿಸ್ತಾರೆ. ಜಗಳ ಮಾಡಿ ಅಲ್ಲ, ಮುದ್ದು ಮಾಡಿ ಬಿಡಿಸ್ತಾರೆ. ನಿಮ್ಮಪ್ಪನಿಗೆ ನನ್ನ ಕಡುಬು ಹಿಡಿಸಿತ್ತು, ನಿನಗೆ ನೆನಪುಂಟಾ?”

ಮಗಳೇ, ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ಬಂತು. ನಿನ್ನ ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಬಾಲವಾಡಿಯಲ್ಲಿ ಟೀಚರ್ ಆಗಿದ್ದಳು, ಎಂಟು ತಿಂಗಳು. ನಿನಗೆ ಇದು ಗೊತ್ತಿದೆಯೋ ಇಲ್ಲವೋ, ಈ ಮನೆಯಲ್ಲಿ ಯಾರೂ ಅದನ್ನು ಮಾತಾಡಿದ್ದು ನಾನು ಕೇಳಿಲ್ಲ. ನನ್ನ ಅಪ್ಪ ಕೆಟ್ಟವರಲ್ಲ. ಸೊಸೆ ಪೂವಮ್ಮನ ಕಡುಬು ತಿಂದು ಬೇರೆಯವರ ಕೈಯದು ಇಳಿಯುವುದಿಲ್ಲ ಎಂದರು, ಬೆಳಿಗ್ಗೆ ಬಿಸಿಯಾಗಿಯೇ ಬೇಕು ಎಂದರು, ಅಷ್ಟೆ. ಅವಳು ಇನ್ನು ಬರುವುದಿಲ್ಲ ಎಂಬ ಚೀಟಿಯನ್ನು ಬಾಲವಾಡಿಗೆ ಕೊಟ್ಟು ಬಂದವನು ನಾನೇ. ಬಂಗಲೆಗೆ ಹೋಗುವ ದಾರಿಯಲ್ಲೇ ಇತ್ತಲ್ಲ. ಅಲ್ಲಿನ ಮಕ್ಕಳು ಟೀಚರ್ ಎಲ್ಲಿ ಎಂದು ಕೇಳಿದ್ದಕ್ಕೆ, ನಿಮ್ಮ ಟೀಚರಿಗೆ ಈಗ ಮನೆಯಲ್ಲಿ ದೊಡ್ಡ ಕೆಲಸ ಸಿಕ್ಕಿದೆ ಎಂದು ತಮಾಷೆ ಮಾಡಿ ಬಂದಿದ್ದೆ. ಅದನ್ನು ನಿನ್ನೆ ಅವಳ ಮುಂದೆ ಹೇಳಲು ನನ್ನ ಬಾಯಿ ಬರಲಿಲ್ಲ. ನಿನ್ನ ಚಿಕ್ಕಪ್ಪನ ಬಾಯಿ ಬಾರದೆ ಹೋದದ್ದು ಇದೇ ಮೊದಲು ಎಂದು ಬೇಕಾದರೆ ಬರೆದಿಟ್ಟುಕೊ.

ಈಗ ನನ್ನ ಪಾಡು ಹೇಳುತ್ತೇನೆ ಕೇಳು. ದೋಸೆ ಚೆನ್ನಾಗಿ ಬಂದರೆ ನಿನ್ನ ಕೆಲಸ ಹೋಗುತ್ತದೆ. ಕೆಟ್ಟರೆ ನೆಂಟರ ಮುಂದೆ ನೀನು ಸುಳ್ಳಿ ಆಗುತ್ತೀಯ, ಆ ಸುಳ್ಳು ನನ್ನದು. ಕಾವಲಿಯ ಎರಡು ಮಗ್ಗುಲೂ ಸುಡುತ್ತಿವೆ. ರಾತ್ರಿಯೆಲ್ಲ ಹೊರಳಾಡಿ ಕೆಲವು ಉಪಾಯ ಹುಡುಕಿದೆ. ನಿನಗೆ ಜ್ವರ ಬಂತು ಎನ್ನುವುದು, ಗ್ಯಾಸ್ ಮುಗಿಯಿತು ಎನ್ನುವುದು, ಬಲಗೈಗೆ ಬಟ್ಟೆ ಸುತ್ತಿ ಸುಟ್ಟುಕೊಂಡೆ ಎನ್ನುವುದು. ಮೂರನೆಯದು ನನಗೆ ಬಹಳ ಹಿಡಿಸಿತ್ತು. ಬೆಳಿಗ್ಗೆ ನಿನ್ನ ಅಮ್ಮನಿಗೆ ಹೇಳಿದರೆ, ಗಾಯ ಎಷ್ಟು ವರ್ಷ ಇರುತ್ತದೆ ಎಂದು ಕೇಳಿ ತೊಟ್ಟಿ ತೊಳೆಯಲು ಹೋದಳು. ಅವಳ ಮಾತೂ ಸರಿ ಅನ್ನಿಸುತ್ತದೆ, ನಿನ್ನ ಸಂಕಟವೂ ಸರಿ ಅನ್ನಿಸುತ್ತದೆ, ದೋಸೆ ಕೇಳಿದ ನಿನ್ನ ಮಾವನವರದ್ದು ತಪ್ಪು ಎನ್ನಲೂ ಆಗುತ್ತಿಲ್ಲ. ರುಚಿಯಾದದ್ದನ್ನು ಇನ್ನೊಮ್ಮೆ ಕೇಳುವುದು ತಪ್ಪೆ? ಹಾಗಾದರೆ ತಪ್ಪು ಎಲ್ಲಿಂದ ಶುರುವಾಗುತ್ತದೆ, ಆ ಗೆರೆ ನನಗೆ ಕಾಣುತ್ತಿಲ್ಲ. ನಿನಗೆ ಓದು ಹೆಚ್ಚು, ಕಂಡರೆ ತಿಳಿಸು.

ಒಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದೇನೆ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು ಸಂಜೆಯೊಳಗೆ ನಿಮ್ಮ ಮನೆ ಸೇರುತ್ತೇನೆ. ನಿನ್ನ ಮಾವನವರ ಪಕ್ಕ ಕೂತು, ಆ ದಿನ ದೋಸೆ ಮಾಡಿದ್ದು ಕವನಾ ಅಲ್ಲ, ಸುಳ್ಳು ಹೇಳಿದವನು ನಾನು ಎಂದು ಹೇಳುತ್ತೇನೆ. ಬೇಕಾದರೆ ಸ್ಪೀಕರಿಗೂ ಹಾಕಲಿ. ನಾನು ಜೀವನದಲ್ಲಿ ಸುಳ್ಳು ಹೇಳಿದ್ದು ಧಾರಾಳ, ಹೇಳಿದ್ದನ್ನು ವಾಪಸ್ಸು ತೆಗೆದುಕೊಂಡ ಅಭ್ಯಾಸವಿಲ್ಲ. ಮೊದಲ ಮಾತು ಏನೆಂದು ಶುರು ಮಾಡುವುದೋ ತಿಳಿಯದೆ ಬೆಳಗಿನಿಂದ ದನದ ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಹಸು ಸಿಟ್ಟಾದಂತೆ ಕಾಣಲಿಲ್ಲ.

ನಿನ್ನ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು, ಕಾರಣ ತಿಳಿಸಬೇಡ. ಅಪ್ಪ ಅಮ್ಮ ನೆನೆಸಿಕೊಂಡರು ಎಂದುಕೊ. ನಿನ್ನ ತಲೆಯ ಮೇಲೆ ನನ್ನ ಕೈ ಇದೆ, ಎಂದೂ ಇರುತ್ತದೆ. ಚೆನ್ನಾಗಿ ಬಾಳು ಮಗಳೇ.

ನಿನ್ನ ಚಿಕ್ಕಪ್ಪ,
ಅಪ್ಪಯ್ಯ

ಮರೆತೆ: ಚಿಕ್ಕ ಆಗಲೇ ಬಂದು ಲಾರಿಯ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈ ಕಾಗದಕ್ಕೆ ಪಿನ್ನು ಹೊಡೆದ ಇನ್ನೊಂದು ಮಡಚಿದ ಹಾಳೆ ಇದೆ. ಅದು ನಿನಗಲ್ಲ, ತೆರೆಯಬೇಡ. ಮೇಲೆ ಮಿಲನ್ ಹೆಸರಿದೆ, ಅಕ್ಷರ ನಿನ್ನ ಅಮ್ಮನದು, ನಿನಗೆ ಬೇಡ ಎಂದವಳು ಅವನಿಗಾದರೆ ಸರಿ ಎಂದು ಬರೆದುಕೊಟ್ಟಿದ್ದಾಳೆ. ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಎಳನೀರು ಎಷ್ಟು, ಕಾವಲಿ ಎಷ್ಟು ಕಾಯಬೇಕು, ಎಲ್ಲ ಅದರಲ್ಲಿದೆ. ಈ ಉಪಾಯ ನನ್ನದೇ, ಅಮ್ಮ ಹೇಳಿಕೊಟ್ಟದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡ. ಭಾನುವಾರ ದೋಸೆ ಹುಯ್ಯುವುದು ಮಿಲನ್, ಪಕ್ಕದಲ್ಲಿ ನಾನು ನಿಲ್ಲುತ್ತೇನೆ, ನಾಚಿಕೆ ಬೇಡ ಎಂದು ಹೇಳು. ಅವನು ಒಪ್ಪಿದರೆ ನೀನು ನೆಂಟರ ಸಾಲಿನಲ್ಲಿ ಕೂತು ತಿನ್ನು. ಒಪ್ಪದಿದ್ದರೆ ಆ ಹಾಳೆಯನ್ನು ಓದದೆ ಒಲೆಗೆ ಹಾಕು. ಎರಡರಲ್ಲಿ ಯಾವುದಾದರೂ ಆಗಲಿ, ಸೋಮವಾರ ಸೊಸೈಟಿಗೆ ಹೋಗುವ ಎಂಟು ಗಂಟೆಯ ಬಸ್ಸು ತಪ್ಪಿಸಬೇಡ.