ಆರೂಕಾಲರ ಮೌನ

ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಮಗಳೇ,

ಹಡಗಿನಲ್ಲಿ ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ಚೇತರಿಸಿಕೊಳ್ಳುತ್ತಿದ್ದಾಳೆ. ಸೊಂಟದ ಮೂಳೆ ಸರಿಯಾಗಿ ಕೂತಿದೆಯಂತೆ; ನಿನ್ನೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು "ಹಲೋ, ಹಲೋ" ಅನ್ನುತ್ತೇನೆ, ಅಷ್ಟರಲ್ಲಿ ಮಾತು ಕಡಿದುಹೋಗುತ್ತದೆ. ಅದಕ್ಕೇ ಕಾಗದ.

ಆಪತ್ತಿನಲ್ಲಿ ಒತ್ತಲೆಂದು ಅಮ್ಮನ ಕೊರಳಿಗೆ ನೀನು ಕಳುಹಿಸಿದ ಕರೆಗುಂಡಿಯ ಜೊತೆ ಒಂದು ಪುಸ್ತಿಕೆ ಬಂದಿತ್ತಲ್ಲ, 'ವೈರ್‌ಲೆಸ್: ನಿಮ್ಮ ಮನೆಯ ಕಾಣದ ಗೆಳೆಯ', ಅದನ್ನು ಇಲ್ಲಿ ಕೂತು ಮೂರು ಸಲ ಓದಿದೆ. ತಂತಿಯಿಲ್ಲದೆ ಸುದ್ದಿ ಹೇಗೆ ಹೋಗುತ್ತದೆಂದು ಚಿತ್ರ ಬರೆದು ತೋರಿಸಿದ್ದಾರೆ. ಯಾರಿಗೆ? ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಿವಿ ಸವೆಸಿದವನಿಗೆ! ಟಿವಿ ರಿಮೋಟು, ಕಾರಿನ ಬೀಗ, ಬಾಗಿಲ ಗಂಟೆ, ಬಿ.ಪಿ. ನೋಡುವ ಯಂತ್ರ, ಎಲ್ಲವೂ ಮಾತಾಡುತ್ತವಂತೆ. ರಿಮೋಟಿನದು ಕಾಣದ ಬೆಳಕು, ಕಾರಿನ ಬೀಗದ್ದು ರೇಡಿಯೋ ಅಲೆ. ಆ ವ್ಯತ್ಯಾಸವೂ ಬರೆದ ಮಹಾಶಯನಿಗೆ ತಿಳಿದಿಲ್ಲ. ಇರಲಿ, ಮಾತಾಡಲಿ. ಕೇಳಿಸಿಕೊಳ್ಳುವವರು ಯಾರು ಎಂಬುದು ಮಾತ್ರ ಇಪ್ಪತ್ತು ಪುಟದಲ್ಲಿ ಎಲ್ಲೂ ಇಲ್ಲ.

ನಮ್ಮ ಕಾಲದಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ. ಗಂಟೆಗೆ ಎರಡು ಸಲ, ಕಾಲಾದಾಗ ಮತ್ತು ಮುಕ್ಕಾಲಾದಾಗ, ಮೂರು ನಿಮಿಷ ಯಾವ ಹಡಗೂ ಯಾವ ಬಂದರೂ ಆಪತ್ತಿನ ಕರೆಯ ಅಲೆಯಲ್ಲಿ ಸೊಲ್ಲೆತ್ತುವಂತಿರಲಿಲ್ಲ. ಎಲ್ಲೋ ಮುಳುಗುತ್ತಿರುವವರ ಕ್ಷೀಣ ಕೂಗು ಕೇಳಿಸಲಿ ಎಂದು. ಗಡಿಯಾರದಲ್ಲಿ ಆ ನಿಮಿಷಗಳಿಗೆ ಕೆಂಪು ಬಳಿದಿತ್ತು. ಚಿಕ್ಕವಳಿದ್ದಾಗ ನೀನು ಅದನ್ನು "ಬಾಯಿ ಮುಚ್ಚೋ ಜಾಗ" ಅನ್ನುತ್ತಿದ್ದೆ. ಆಮೇಲೆ ಆ ಕಟ್ಟಳೆಯನ್ನೂ ಕಿತ್ತರು, ನಮ್ಮನ್ನೂ ಮನೆಗೆ ಕಳಿಸಿದರು. ಇನ್ನು ಯಂತ್ರವೇ ಕಾಯುತ್ತದೆ ಅಂದರು.

ಕಾದದ್ದನ್ನು ನೋಡಿದೆಯಲ್ಲ! ಅಮ್ಮ ಬಚ್ಚಲಲ್ಲಿ ಜಾರಿಬಿದ್ದ ಆ ಮಂಗಳವಾರ ಸಂಜೆ ಗುಂಡಿಯನ್ನು ಒಂದಲ್ಲ, ಹನ್ನೊಂದು ಸಲ ಒತ್ತಿದ್ದಾಳೆ. ಅದರ ಕೂಗು ವೈಫೈ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಕಂಪನಿಗೆ ಹೋಗಿ, ಅಲ್ಲಿಂದ ಮಹಡಿಯ ಕೋಣೆಯಲ್ಲಿದ್ದ ನನ್ನ ಫೋನಿಗೆ ಬರಬೇಕು. ಬರಲಿಲ್ಲ. ನಲವತ್ತು ನಿಮಿಷ ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಕಂಪನಿಗೆ ಫೋನು ಮಾಡಿದರೆ ಒಬ್ಬಳು ನುಣ್ಣನೆಯ ದನಿಯಲ್ಲಿ, "ಗುಂಡಿ ಸರಿಯಾಗೇ ಇದೆ ಸಾರ್, ಆ ಹೊತ್ತಲ್ಲಿ ನಿಮ್ಮನೆ ಪೆಟ್ಟಿಗೇನೇ ಆಫ್ ಇತ್ತು" ಅಂದಳು. ತಪ್ಪು ಯಾವತ್ತೂ ಗಿರಾಕಿಯದೇ! ನಾಲ್ಕು ಪುಟದ ದೂರು ಬರೆದು ಇದರೊಳಗೆ ಇಟ್ಟಿದ್ದೇನೆ. ನೀನು ಹಡಗಿನ ಎಂಜಿನಿಯರು. ನಿನ್ನ ರುಜು ಬಿದ್ದರೆ ಅವರಿಗೆ ಬಿಸಿ ಮುಟ್ಟುತ್ತದೆ. ಮುಂದಿನ ಬಂದರಿನಿಂದ ಕಳಿಸು.

ಅಮ್ಮ ಮಲಗಿದ್ದಾಳೆ. ಎದ್ದಿದ್ದರೆ ತಲೆ ತುಂಬ ಎಣ್ಣೆ ಹಚ್ಚಿಕೋ ಅನ್ನುತ್ತಿದ್ದಳು. ಇಬ್ಬರ ಹರಕೆಯೂ ನಿನ್ನ ಮೇಲಿರಲಿ.

ನಿನ್ನ
ಅಪ್ಪ

ಅಂಟಿಸುವ ಮೊದಲು ಇನ್ನೊಂದು ಮಾತು: ದೂರು ಕಳಿಸಬೇಡ, ಹರಿದುಹಾಕು. ಅವತ್ತು ವೈಫೈ ಪೆಟ್ಟಿಗೆ ಆಫ್ ಮಾಡಿದವನು ನಾನೇ. ಅದು ಉರಿಯುತ್ತಿದ್ದರೆ ನನ್ನ ಹಳೇ ರೇಡಿಯೋ ಗೊರಗೊರ ಅನ್ನುತ್ತದೆ. ಆ ಅಲೆಯಲ್ಲಿ ಈಗ ಯಾರೂ ಇಲ್ಲ. ಆದರೂ ದಿನಾ ಸಂಜೆ ಆರೂಕಾಲಿಗೆ ಪೆಟ್ಟಿಗೆ ಆರಿಸಿ, ಹೆಡ್‌ಫೋನು ಕಿವಿಗೇರಿಸಿ ಮೂರು ನಿಮಿಷ ಕೂರುತ್ತೇನೆ. ಅವತ್ತು ಬಹುದೂರದಿಂದ ಏನೋ ಕೇಳಿಸಿದಂತಾಯಿತು. ಕೂತೇಬಿಟ್ಟೆ. ಇಳಿದುಬಂದು ಎತ್ತಿದಾಗ ಅಮ್ಮ ಬೈಯಲಿಲ್ಲ. "ಯಾವ ಹಡಗು ರೀ ಮುಳುಗ್ತಿತ್ತು?" ಅಂತಷ್ಟೇ ಕೇಳಿದಳು.