ಸಿರುಗುಪ್ಪದ ಬಿ.ಪಿ.

ಸಿರುಗುಪ್ಪ, 19-8-2024

ಅಪ್ಪಾ,

ಕಾರ್ಡು ಬರೆ ಅಂದಿರಲ್ಲ, ತಗೊಳ್ಳಿ. ನರ್ಸಾಗಿ ಈ ಊರಿಗೆ ಬಂದು ತಿಂಗಳಾಯಿತು. ಇಂಥ ರೋಗ ನಾನೆಲ್ಲೂ ಕಂಡಿಲ್ಲ. ಕಳೆದ ವಾರ ತುಂಗಭದ್ರಾ ಅಣೆಕಟ್ಟಿನ ಗೇಟು ಕೊಚ್ಚಿಹೋಯಿತಲ್ಲ, ಮರುದಿನದಿಂದ ನಮ್ಮ ಕ್ಲಿನಿಕ್ಕಿಗೆ ಬಂದ ರೈತರಿಗೆಲ್ಲ ಬಿ.ಪಿ.! ಇಲ್ಲಿನ ಭತ್ತಕ್ಕೆ ಅದೇ ನೀರು. ತೋಳಿಗೆ ಪಟ್ಟಿ ಸುತ್ತಿದರೂ ಅವರ ಕಣ್ಣು ಟಿ.ವಿ. ಸುದ್ದಿಯ ಮೇಲೆ. ಗಾದಿಲಿಂಗಪ್ಪ ಎಂಬ ಹಿರಿಯರಿಗೆ ನೂರ ತೊಂಬತ್ತು. ಮಾತ್ರೆ ಕೊಟ್ಟರೆ, "ಗುಳಿಗಿ ಯಾಕವ್ವ? ಮೊದ್ಲು ಆ ಗೇಟ್ ಕುಂದ್ರಸ್ರಿ, ಬಿ.ಪಿ. ತಾನ ಇಳಿತೈತಿ" ಎಂದು ಗದರಿದರು, ಗೇಟು ಕಿತ್ತವಳು ನಾನೇ ಎಂಬ ಹಾಗೆ.

ಶನಿವಾರ ಗೇಟು ಕೂತ ಸುದ್ದಿ ಬಂತು. ಇವತ್ತು ಅವರ ಬಿ.ಪಿ. ನೂರ ಮೂವತ್ತು! "ಮಾತ್ರೆ ಚೆನ್ನಾಗಿ ಹಿಡಿದಿದೆ" ಎಂದು ಡಾಕ್ಟರು ಬೀಗಿದರು. ಗಾದಿಲಿಂಗಪ್ಪ ಅಂಗಿ ಜೇಬಿನಿಂದ ಮಾತ್ರೆಯ ಶೀಟು ತೆಗೆದು ತೋರಿಸಿದರು. ಒಂದನ್ನೂ ಬಿಚ್ಚಿರಲಿಲ್ಲ.

ನಾನು ಆರಾಮ, ಇಲ್ಲಿನ ಖಾರಕ್ಕಷ್ಟೇ ಕಣ್ಣೀರು. ಕಾರ್ಡು ತುಂಬಿತು. ಇದನ್ನೋದಿ ನೀವೂ ಮಾತ್ರೆ ಬಿಟ್ಟೀರಿ, ಹುಷಾರು. ನಿಮ್ಮ ಬಿ.ಪಿ. ಏರಿಸುವುದು ಗೇಟಲ್ಲ, ಒಣಮೀನು.

ನಿಮ್ಮ ಮಗಳು,
ವಿನುತಾ