ಗಜೇಂದ್ರಗಡದ ಎರಡು ಮಂಚಗಳು

ಎರಡನೆಯ ಬೇಸಿಗೆಯ ಮೂವತ್ತೆಂಟನೇ ತಾರೀಕು,
ಕಾಲುವೆ ಒಡೆದ ಹನ್ನೊಂದನೇ ವರ್ಷ,
ಗಜೇಂದ್ರಗಡ, ಕೋಟೆಯ ಕೆಳಗಿನ ಓಣಿ

ನಮಗಿಂತ ಬಹಳ ಹಿಂದೆ ಇರುವ ಹಿರಿಯರೇ,

ಮೇಲಿನ ತಾರೀಕನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ಬೇಸಿಗೆ ಮುಗಿಯುವವರೆಗೂ ತಿಂಗಳು ಬದಲಿಸದೆ ತಾರೀಕು ಎಣಿಸುತ್ತಲೇ ಹೋಗುತ್ತೇವೆ. ನನ್ನ ಕನ್ನಡ ನಿಮ್ಮ ಕಿವಿಗೆ ಅಲ್ಲಲ್ಲಿ ಒರಟಾಗಿ ಕೇಳಿಸಬಹುದು. ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿರದ ಮಾತುಗಳೂ ನಡುವೆ ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತೇನೆ, ಎಲ್ಲಾದರೂ ಮರೆತರೆ ಮನ್ನಿಸಿ.

ನನ್ನ ಹೆಸರು ನಿಂಬೆವ್ವ. ನಿಮ್ಮಲ್ಲಿ ಯಾರಾದರೊಬ್ಬರು ಈ ಹೊತ್ತಿನಲ್ಲಿ ಮನೆಯ ಮುದುಕರಿಗೋ ಕಾಲು ಸ್ವಾಧೀನ ತಪ್ಪಿದವರಿಗೋ ಒಂದು ಮಂಚ ಆರಿಸುತ್ತ ಕುಳಿತಿರುತ್ತಾರೆ. ತಲೆಯ ಕಡೆ ಏಳುವ, ಮೊಣಕಾಲ ಕಡೆ ಮಡಚುವ, ಬೇಕಾದಾಗ ಇಡಿಯಾಗಿ ಮೇಲೇರಿ ಕೆಳಗಿಳಿಯುವ ಮಂಚ. ನಾನು ಅಂಥ ಮಂಚವನ್ನು ಎರಡು ಸಲ ಆರಿಸಿದ್ದೇನೆ. ಮೊದಲನೆಯದು ನನ್ನ ಅಪ್ಪನಿಗೆ. ಎರಡನೆಯದು ನನ್ನ ಅಣ್ಣನನ್ನು ಕೊಂದವನಿಗೆ.

ಅಪ್ಪನ ಹೆಸರು ಕಳಕಪ್ಪ. ಊರಿನ ತೂಬು ಕಾವಲಿಗೆ ಅವನೇ ನಾಯಕ. ನಮ್ಮ ಕಾಲದಲ್ಲಿ ಕಾಲುವೆಯ ನೀರು ತೂಬಿನಿಂದ ತೂಬಿಗೆ ಬಂದೂಕಿನ ನಡುವೆ ಹರಿಯುತ್ತದೆ. ಕಾಲುವೆಯ ಕೆಳತುದಿಯಲ್ಲಿ ನೀರು ಕಾಣದ ಊರುಗಳಿವೆ. ಅಲ್ಲಿನ ಗಂಡಸರು ಗುಂಪು ಕಟ್ಟಿಕೊಂಡು ಮೇಲಿನ ಊರುಗಳ ಮೇಲೆ ಬೀಳುತ್ತಾರೆ. ಆ ಗುಂಪಿಗೆ ನಾವು ದಂಡು ಎನ್ನುತ್ತೇವೆ. ಅವರಿಗೆ ಜೋಳಕ್ಕಿಂತ ಬ್ಯಾಟರಿ ಮುಖ್ಯ, ಬ್ಯಾಟರಿಯಿದ್ದರೆ ಪಂಪು ನಡೆಯುತ್ತದೆ. ಅಪ್ಪ ಮೆತ್ತಗಿನ ಮನುಷ್ಯನಲ್ಲ. ತೂಬಿನ ಬೀಗ ಮುರಿದವನೊಬ್ಬನ ಹೆಬ್ಬೆರಳನ್ನು ಊರ ಮುಂದೆಯೇ ಕತ್ತರಿಸಿದ್ದ, ಆಮೇಲೆ ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕುಳಿತಿದ್ದ. ಅಂಥವನ ಬೆನ್ನಿಗೆ ಒಂದು ದಿನ ದಂಡಿನ ಗುಂಡು ಬಿತ್ತು. ಜೀವ ಉಳಿಯಿತು, ಎದೆಯ ಕೆಳಗಿನದೆಲ್ಲ ಹೋಯಿತು.

ಅವನಿಗೆ ಮಂಚ ತರಲು ನಾನು ಮತ್ತು ಅಣ್ಣ ಅಂದಪ್ಪ ಪಾಲನಾ ಕಚೇರಿಗೆ ಹೋದೆವು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕಚೇರಿ ಅದು. ಅಪ್ಪ ಹಟ ಹಿಡಿದನೆಂದು ಅವನನ್ನೂ ಗಾಡಿಯಲ್ಲಿ ಮಲಗಿಸಿಕೊಂಡು ಹೋದೆವು. ಅಲ್ಲಿಯ ಗುಮಾಸ್ತ ಮೊದಲು ತೋರಿಸಿದ್ದು ಕಾವಲು ಮಂಚ. ಮಲಗಿದವರ ಉಸಿರು ನೋಡಿ ಅದು ತಾನೇ ತಲೆ ಎತ್ತುತ್ತದೆ, ಹುಣ್ಣಾಗದ ಹಾಗೆ ತಾನೇ ಮಗ್ಗುಲು ಬದಲಿಸುತ್ತದೆ, ಅಪಾಯ ಕಂಡರೆ ಎರಡೂ ಪಕ್ಕದ ಕಂಬಿಗಳನ್ನು ತಾನೇ ಏರಿಸಿ ಬೀಗ ಹಾಕಿಕೊಳ್ಳುತ್ತದೆ. ತಂತಿಯ ಮೂಲಕ ಎಲ್ಲವನ್ನೂ ಕಚೇರಿಯೇ ನಡೆಸುತ್ತದೆ. ಅಂದಪ್ಪನಿಗೆ ಅದು ಬಹಳ ಹಿಡಿಸಿತು. "ನಾವು ಹೊಲಕ್ಕ ಹೋದ್ರೂ ಚಿಂತಿ ಇಲ್ಲ ನೋಡಪ್ಪ" ಅಂದ.

ಅಪ್ಪ ಗುಮಾಸ್ತನನ್ನು ಕೇಳಿದ: "ಸ್ವಿಚ್ಚು ಯಾರ ಕೈಯಾಗ ಇರತೈತಿ?"

"ಕಚೇರಿ ಕೈಯಾಗರಿ."

"ಹಂಗಾದ್ರ ಅದರಾಗ ನಿಮ್ಮ ಕಚೇರೀನ ಮಲಗಿಸ್ರಿ."

ಮೂಲೆಯಲ್ಲಿ ಹಳೆಯ ಮಾದರಿಯ ಒಂದು ಮಂಚವಿತ್ತು. ನಿಮ್ಮ ಕಾಲದವರಿಗೆ ಪರಿಚಯವಿರುವಂಥದ್ದೇ. ಅದಕ್ಕೆ ತನ್ನದೇ ಬ್ಯಾಟರಿ, ಕಂಬಿಗೆ ಕಟ್ಟಿದ ಸ್ವಿಚ್ಚು, ಬ್ಯಾಟರಿ ಮುಗಿದರೆ ಕೈಯಿಂದ ತಿರುಗಿಸಲು ಒಂದು ಹಿಡಿಕೆ. ನಾವು ಅಪ್ಪನನ್ನು ಅದರ ಮೇಲೆ ಮಲಗಿಸಿ ನೋಡಿದೆವು. ಪೂರ್ತಿ ಇಳಿಸಿ ಅಂಚಿಗೆ ಕೂರಿಸಿದಾಗ ಅವನ ಪಾದ ನೆಲಕ್ಕೆ ಊರುತ್ತಿತ್ತು. ಪೂರ್ತಿ ಏರಿಸಿದಾಗ ನನ್ನ ಸೊಂಟದ ಮಟ್ಟಕ್ಕೆ ಬರುತ್ತಿತ್ತು, ಹಾಗಾಗಿ ಮೈ ಒರೆಸಲು ಬಗ್ಗಬೇಕಿರಲಿಲ್ಲ. ಕಂಬಿ ಅರ್ಧ ಉದ್ದದ್ದೇ, ಹಿಡಿದು ಹೊರಳಲು ಸಾಕು, ಇಳಿಯಲು ಅಡ್ಡಿಯಿಲ್ಲ. ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಅಂದಪ್ಪ ಹಗ್ಗದಿಂದ ಅಳತೆ ಹಿಡಿದ. ಅಪ್ಪ ಸ್ವಿಚ್ಚು ಒತ್ತಿ ಮೇಲೇರಿದ, ಇಳಿದ, ಮತ್ತೆ ಏರಿದ. ಗುಂಡು ಬಿದ್ದ ಮೇಲೆ ಅವನು ನಕ್ಕಿದ್ದನ್ನು ಅವತ್ತೇ ನೋಡಿದ್ದು.

ನಮ್ಮ ಪಕ್ಕದ ಮನೆಯ ಹುಸೇನಬಿ ಅಜ್ಜಿಗೆ ಮಕ್ಕಳು ಕಾವಲು ಮಂಚವನ್ನೇ ತಂದರು. ಅಜ್ಜಿಗೆ ಎದ್ದು ಹೋಗಿ ಬೀಳುವ ಅಭ್ಯಾಸ. ಅವಳನ್ನು ಯಾರೂ ಏನೂ ಕೇಳಲಿಲ್ಲ.

ದಂಡು ಬಂದದ್ದು ನಡುಮಧ್ಯಾಹ್ನ. ಅಪ್ಪನ ಮಂಚವನ್ನು ಪೂರ್ತಿ ಏರಿಸಿ ನಾನು ಅವನ ಬೆನ್ನು ತೊಳೆಯುತ್ತಿದ್ದೆ. ಅಂದಪ್ಪ ಅವನನ್ನು ಮಗ್ಗುಲಿಗೆ ಹಿಡಿದಿದ್ದ. ಮೊದಲ ಸಿಡಿತ ಕಚೇರಿಯ ಕಡೆ ಕೇಳಿಸಿತು, ಆಮೇಲೆ ಓಣಿಯಲ್ಲೇ. ಅಂದಪ್ಪ ಅಪ್ಪನನ್ನು ಮೆಲ್ಲಗೆ ಅಂಗಾತ ಮಲಗಿಸಿ, ಗೋಡೆಗಿದ್ದ ಕೊಡಲಿ ತೆಗೆದುಕೊಂಡು ಬಾಗಿಲಿಗೆ ಹೋದ. ಹೊಸ್ತಿಲು ದಾಟಲಿಲ್ಲ. ಗುಂಡು ಅವನ ಕುತ್ತಿಗೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಗೆ ಬಂತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕುಸಿದ. ಅವನನ್ನು ದಾಟಿಕೊಂಡು ಒಬ್ಬ ಒಳಗೆ ಬಂದ. ನನ್ನ ವಯಸ್ಸಿನವನೇ ಇರಬೇಕು, ತುಟಿ ಒಣಗಿ ಬಿರಿದಿತ್ತು. ನಾನು ಬಿಸಿನೀರಿನ ತಂಬಿಗೆ ಎಸೆದೆ. ಅವನು ಬಂದೂಕಿನ ಹಿಂಬದಿಯಿಂದ ನನ್ನ ದವಡೆಗೆ ಹೊಡೆದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಗೋಡೆಯ ಬುಡಕ್ಕೆ ಬಿದ್ದೆ, ಆದರೆ ಪ್ರಜ್ಞೆ ತಪ್ಪಲಿಲ್ಲ.

ಅವನು ಅಪ್ಪನ ಸತ್ತ ಕಾಲುಗಳನ್ನು ನೋಡಿದ. ಮುದುಕನಿಂದ ಭಯವಿಲ್ಲ ಅಂದುಕೊಂಡನೋ ಏನೋ, ಬಂದೂಕು ಕೆಳಗಿಟ್ಟು ಬ್ಯಾಟರಿ ಕೀಳಲು ಮಂಚದ ಅಡಿಗೆ ತೆವಳಿದ. ಅಪ್ಪ ಸ್ವಿಚ್ಚು ಒತ್ತಿದ. ಮಂಚ ಇಳಿಯತೊಡಗಿತು. ಅದು ಎಂದಿನಂತೆ ನಿಧಾನವಾಗಿ, ಗುಂಯ್ ಅನ್ನುತ್ತ ಇಳಿಯಿತು. ಅಡ್ಡ ಕಬ್ಬಿಣ ಸೊಂಟಕ್ಕೆ ತಾಗಿದಾಗಲಷ್ಟೇ ಅವನಿಗೆ ತಿಳಿದದ್ದು. "ಯವ್ವಾ, ಎತ್ತರಿ, ಎತ್ತರಿ" ಎಂದು ಕೂಗಿದ. ಅಪ್ಪ ಒಂದು ಕೈಯಲ್ಲಿ ಸ್ವಿಚ್ಚು ಒತ್ತಿಕೊಂಡೇ, ಇನ್ನೊಂದರಿಂದ ಕಂಬಿ ಹಿಡಿದು ತನ್ನ ಎದೆಯನ್ನು ಎತ್ತಿ ಎತ್ತಿ ಹಾಸಿಗೆಯ ಮೇಲೆ ಅಪ್ಪಳಿಸಿದ. ಹಸಿ ಬಿದಿರು ಸೀಳಿದಂಥ ಸದ್ದಾಯಿತು. ಕೂಗು ನಿಂತಿತು. ಅಪ್ಪ ಮಾತ್ರ ಬಟನ್ನಿನಿಂದ ಬೆರಳು ತೆಗೆಯಲಿಲ್ಲ.

ಅದೇ ಹೊತ್ತಿಗೆ ಪಕ್ಕದ ಮನೆಗೆ ಬೆಂಕಿ ಬಿದ್ದಿತ್ತು. ಹುಸೇನಬಿಯ ಮಂಚ ಅಪಾಯ ಕಂಡು ಕಂಬಿ ಏರಿಸಿಕೊಂಡು ಬೀಗ ಹಾಕಿತ್ತು. ಬೀಗ ತೆರೆಯಬೇಕಾದ ಕಚೇರಿಯನ್ನು ದಂಡು ಮೊದಲೇ ಸಿಡಿಸಿತ್ತು. ಗೋಡೆಯ ಆಚೆಯಿಂದ ಅಜ್ಜಿ ಮಕ್ಕಳನ್ನು ಹೆಸರು ಹಿಡಿದು ಕರೆದಳು, ಆಮೇಲೆ ನಮ್ಮನ್ನು ಕರೆದಳು, ಆಮೇಲೆ ಬರೀ ಕೂಗಿದಳು. ಅಪ್ಪ ಗೋಡೆಗೆ ಗುದ್ದಿ ಗುದ್ದಿ ಬೆರಳ ಗೆಣ್ಣು ಒಡೆದುಕೊಂಡ. ಮಾರನೆಯ ದಿನ ನಾನು ಒಳಗೆ ಹೋಗಿ ನೋಡಿದೆ. ಅಜ್ಜಿಯ ಎರಡೂ ಕೈ ಕಂಬಿಯನ್ನು ಹಿಡಿದೇ ಇದ್ದವು.

ಸಂಜೆಯೊಳಗೆ ದಂಡನ್ನು ಊರವರು ಓಡಿಸಿದರು. ಸಿಕ್ಕವರನ್ನು ತೂಬಿನ ಬಳಿ ಕಡಿದರು, ನೀರು ಕೆಂಪಾಗಿಯೇ ಹೊಲಕ್ಕೆ ಹೋಯಿತು. ನಮ್ಮ ಮಂಚದ ಅಡಿಯಲ್ಲಿದ್ದವನನ್ನು ಎಳೆದಾಗ ಉಸಿರಿತ್ತು. ಹೆಸರು ಹುಲಿಗೆಪ್ಪ, ಸೊಂಟದ ಕೆಳಗೆ ಜೀವವಿಲ್ಲ. ಜನ ಕಲ್ಲು ಎತ್ತಿದರು. ಅಪ್ಪ ಮಂಚದ ಮೇಲಿಂದಲೇ ಗದರಿದ: "ಯಾರೂ ಮುಟ್ಟಬ್ಯಾಡ್ರಿ. ಸತ್ತರ ಒಂದ ದಿನದಾಗ ಮುಗೀತದ. ನಾ ಮಲಗಿದಂಗ ಮಲಗಲಿ. ಕಾವಲು ಮಂಚದಾಗ ಹಾಕ್ರಿ, ಕಂಬಿಗೆ ಬೀಗ ಹಾಕ್ರಿ, ಸ್ವಿಚ್ಚು ಕಿತ್ತು ಒಗೀರಿ."

ಅದನ್ನು ಕರುಣೆ ಎಂದು ಯಾರೂ ತಪ್ಪು ತಿಳಿಯಲಿಲ್ಲ.

ಮನೆಗಳು ಸುಟ್ಟಿದ್ದರಿಂದ ಹಾಸಿಗೆ ಹಿಡಿದವರನ್ನೆಲ್ಲ ನೇಕಾರರ ಸಭಾಭವನಕ್ಕೆ ತಂದರು. ಅವರ ಹೊಣೆ ನನಗೆ ಬಂತು, ಹುಲಿಗೆಪ್ಪನಿಗೆ ಮಂಚ ಆರಿಸುವ ಕೆಲಸವೂ ಬಂತು. ಗೋದಾಮಿನಲ್ಲಿ ಕಾವಲು ಮಂಚಗಳು ಸಾಲಾಗಿ ನಿಂತಿದ್ದವು, ಅವುಗಳಲ್ಲಿ ಮಲಗಿದ್ದವರು ಉಳಿದಿರಲಿಲ್ಲ. ನನ್ನ ದವಡೆಗೆ ಬಟ್ಟೆ ಕಟ್ಟಿತ್ತು, ಮಾತಾಡುವಂತಿರಲಿಲ್ಲ. ಬೆರಳು ತೋರಿಸಿದೆ. ಅವುಗಳಿಗಲ್ಲ, ಮೂಲೆಯಲ್ಲಿದ್ದ, ಸ್ವಿಚ್ಚು ಕೈಗೆ ಸಿಗುವ, ಅರ್ಧ ಕಂಬಿಯ, ಅಪ್ಪನದರಂಥದ್ದೇ ಮಂಚಕ್ಕೆ. ಹುಲಿಗೆಪ್ಪನನ್ನು ಕಂಡು ನನಗೆ ಅಯ್ಯೋ ಅನ್ನಿಸಿರಲಿಲ್ಲ. ಅವನ ಗಂಟಲಿಗೆ ಕುದಿಯುವ ಗಂಜಿ ಸುರಿಯಬೇಕು ಅನ್ನಿಸುತ್ತಿತ್ತು. ಆದರೆ ಅಜ್ಜಿಯ ಕೈ ಕಂಡ ಮೇಲೆ ಯಾರನ್ನೂ ಆ ಕಂಬಿಗಳ ನಡುವೆ ಮಲಗಿಸುವುದು ನನ್ನಿಂದ ಆಗುತ್ತಿರಲಿಲ್ಲ. ವಿಷಯ ತಿಳಿದ ಅಪ್ಪ ನನ್ನ ಮುಖಕ್ಕೆ ಉಗುಳಿದ. ಆಮೇಲೆ ಮಾತು ಬಿಟ್ಟ.

ಇಬ್ಬರೂ ಒಂದೇ ಭವನದ ಎರಡು ತುದಿಯಲ್ಲಿ ಮಲಗಿರುತ್ತಿದ್ದರು. ಒಂದು ಹಗಲು, ಎಲ್ಲರೂ ಊಟ ಮಾಡುವಾಗ, ಅಪ್ಪ ತನ್ನ ಮಂಚವನ್ನು ಪೂರ್ತಿ ಇಳಿಸಿಕೊಂಡು ಕೆಳಗೆ ಜಾರಿದ. ಬಾಯಲ್ಲಿ ಕುಡಗೋಲು ಕಚ್ಚಿಕೊಂಡು, ಮೊಣಕೈ ಊರಿ ಊರಿ ಆ ತುದಿಗೆ ತೆವಳಿದ. ಯಾರೋ ಚೀರಿದಾಗ ನಾನು ಗಂಜಿಯ ಪಾತ್ರೆ ಬಿಟ್ಟು ಓಡಿದೆ. ತಡೆಯಲು ಹೋದ ನನ್ನ ಮುಂಗೈಗೆ ಬೀಸಿದ, ಚರ್ಮ ಎರಡಾಗಿ ತೆರೆದುಕೊಂಡಿತು. "ಹತ್ರ ಬಂದ್ರ ನಿನ್ನೂ ಕಡೀತೀನಿ, ನಿಂಬೆವ್ವಾ!"

ಹುಲಿಗೆಪ್ಪನ ಮಂಚ ಆಗ ತಗ್ಗಿನಲ್ಲಿತ್ತು. ಅಪ್ಪ ಗಾದಿಯ ಅಂಚು ಹಿಡಿದು ಎದೆ ಮೇಲೆತ್ತಿ, ಕೈಗೆ ಸಿಕ್ಕ ತೊಡೆಗೆ ಕುಡಗೋಲು ಹೊಡೆದ. ರಕ್ತ ಚಿಮ್ಮಿತು. ಹುಲಿಗೆಪ್ಪ ಕೂಗಲಿಲ್ಲ, ನೋವಾದರೆ ತಾನೇ? ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದ. ಎರಡನೆಯ ಏಟು ಅವನ ಹೊಟ್ಟೆಯ ಕಡೆ ಬರುತ್ತಿರುವಾಗ ಸ್ವಿಚ್ಚು ಒತ್ತಿದ. ಮಂಚ ಏರಿತು. ಅಪ್ಪ ಅಂಚಿಗೆ ಒಂದು ಕೈಯಲ್ಲಿ ಜೋತಾಡಿ ಕಲ್ಲಿನ ನೆಲಕ್ಕೆ ಬಿದ್ದ. ಎಷ್ಟು ಚಾಚಿದರೂ ಕೈ ಎಟುಕದು. ಮಂಚದ ಕಾಲುಗಳಿಗೇ ಹೊಡೆದ, ಕಿಡಿ ಹಾರುವ ಹಾಗೆ ಹೊಡೆದ. ಬೈದ, ಹಲ್ಲು ಕಡಿದ, ಕೊನೆಗೆ "ಅಂದಪ್ಪಾ, ನನ್ನ ಅಂದಪ್ಪಾ" ಎಂದು ನೆಲಕ್ಕೆ ಹಣೆ ಜಜ್ಜಿಕೊಂಡ. ನನ್ನ ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆಗ ಮೋಟಾರಿನ ಸದ್ದು ಕೇಳಿಸಿತು. ಮೇಲಿನ ಮಂಚ ಇಳಿಯುತ್ತಿತ್ತು. ಹುಲಿಗೆಪ್ಪ ತಾನೇ ಬಟನ್ ಒತ್ತಿದ್ದ. ಮಂಚ ಅಪ್ಪನ ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಯಪ್ಪಾ," ಅಂದ ಹುಲಿಗೆಪ್ಪ. "ನಿನ್ನ ಮಗನ್ನ ಹೊಡದಾಂವ ನಾನ. ಮುಗಸು. ನನಗೂ ಸಾಕಾಗೇತಿ."

ಅಪ್ಪ ಅವನ ಗಂಟಲಿಗೆ ಕುಡಗೋಲಿನ ಬಾಯಿ ಒತ್ತಿದ. ಚರ್ಮ ಸೀಳಿ ಒಂದು ಗೆರೆ ಕೆಂಪಾಗುವುದನ್ನು ನಾನು ನೋಡಿದೆ. ಆದರೆ ಅಪ್ಪ ಕುಡಗೋಲನ್ನು ತಿರುಗಿಸಿ ಹಿಡಿಯಿಂದ ಹುಲಿಗೆಪ್ಪನ ಬಾಯಿಗೆ ಗುದ್ದಿದ. ಹಲ್ಲು ಮುರಿದು ಗಾದಿಯ ಮೇಲೆ ಬಿದ್ದವು. ಆಮೇಲೆ ಆ ಗಾದಿಯ ಅಂಚಿಗೇ ಹಣೆ ಒತ್ತಿದ. ತಲೆ ಎತ್ತಿದಾಗ ನನ್ನ ಕಡೆ ನೋಡಿ ಹೇಳಿದ:

"ಅವನ ತೊಡಿಗೆ ಬಟ್ಟಿ ಕಟ್ಟು. ರಕ್ತ ಹೋಗಾಕ ಹತ್ತೇತಿ. ಅವಗ ಗೊತ್ತಾಗೂದಿಲ್ಲ."

ನಾನು ಕಟ್ಟಿದೆ. ಆಮೇಲೆ ನನ್ನ ಕೈಗೂ ಕಟ್ಟಿಕೊಂಡೆ.

ಅಪ್ಪ ಮುಂದಿನ ಮಳೆಗಾಲದಲ್ಲಿ ಎದೆಯ ಸೋಂಕಿನಿಂದ ತೀರಿಕೊಂಡ. ಅವರಿಬ್ಬರೂ ಸ್ನೇಹಿತರಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲ ಮಾತ್ರ, ಹುಲಿಗೆಪ್ಪನ ಬೆನ್ನಲ್ಲಿ ಹುಣ್ಣು ಕಂಡಾಗ, ಯಾವ ಗಾದಿ ಹಾಕಬೇಕು, ಎಷ್ಟು ಹೊತ್ತಿಗೊಮ್ಮೆ ಹೊರಳಬೇಕು ಎಂದು ಅಪ್ಪ ಈ ತುದಿಯಿಂದ ಆ ತುದಿಗೆ ಕೂಗಿ ಹೇಳಿದ, ಬೈಗುಳ ಸೇರಿಸಿಯೇ ಹೇಳಿದ. ಹುಲಿಗೆಪ್ಪ ಇನ್ನೂ ಇದ್ದಾನೆ. ಅವನನ್ನು ನಾನು ಕ್ಷಮಿಸಿಲ್ಲ. ಅಂದಪ್ಪನ ಹೆಸರು ಬಂದ ದಿನ ಅವನ ಮೈ ತೊಳೆಯುವಾಗ ನನ್ನ ಕೈ ಒರಟಾಗುತ್ತದೆ. ಅದು ಅವನಿಗೂ ಗೊತ್ತು, ಅಂಥ ದಿನ ಅವನು ಮಂಚವನ್ನು ತಾನೇ ಏರಿಸಿಕೊಂಡು, "ಇವತ್ತ ಬ್ಯಾಡ ಬಿಡಕ್ಕಾ" ಅನ್ನುತ್ತಾನೆ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತೇನೆ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ಮಲಗುವವರನ್ನು ಕೇಳದೆ ಮಂಚ ತರಬೇಡಿ. ಅವರನ್ನು ಅದರ ಮೇಲೆ ಮಲಗಿಸಿ, ಏರಿಸಿ ಇಳಿಸಿ ನೋಡಲು ಬಿಡಿ. ಕರೆಂಟು ಹೋದ ದಿನ ಏನಾಗುತ್ತದೆಂದು ಮಾರುವವರನ್ನು ಕೇಳಿ, ಅವರು ಉತ್ತರಿಸುವವರೆಗೂ ಅಂಗಡಿ ಬಿಟ್ಟು ಏಳಬೇಡಿ. ಇನ್ನೊಂದು ಮಾತು ಹೇಳಲು ಸಂಕೋಚವಾಗುತ್ತದೆ. ಮಲಗಿದವರು ನಿಮಗೆ ಯಾವತ್ತೋ ನೋವು ಕೊಟ್ಟವರೇ ಇರಬಹುದು. ಹೊಡೆದ ಅಪ್ಪ, ಹಂಗಿಸಿದ ಅತ್ತೆ, ಬಿಟ್ಟುಹೋಗಿ ಈಗ ಮರಳಿದ ಗಂಡ. ಸಿಟ್ಟು ಇದ್ದರೆ ಇರಲಿ, ಅದು ನಿಮ್ಮದು. ಮಂಚವನ್ನು ಮಾತ್ರ ಸಿಟ್ಟು ತಣ್ಣಗಾದ ದಿನ ಹೋಗಿ ಆರಿಸಿ.

ಬಿಸಿಲು ಏರುತ್ತಿದೆ. ಹುಲಿಗೆಪ್ಪನನ್ನು ಎಡಮಗ್ಗುಲಿಗೆ ಹೊರಳಿಸುವ ಹೊತ್ತಾಯಿತು, ಹೋಗುತ್ತೇನೆ.

ನಿಮ್ಮ ಮುಂದಿನವಳು,
ನಿಂಬೆವ್ವ ಕಳಕಪ್ಪ